ಬೋರ್ಡು ಓದುವ ಆಟ

ಬೆಲ್ಜಿಯಂ ಎಂಬ ಮಾತು ಬಂದದ್ದೇ ತಡ, ಅನ್ವಿತಾ ಅಳಲು ಶುರುಮಾಡಿದಳು.

ಸ್ವೀಡನ್ನಿನ ವೆಸ್ಟೆರಾಸ್ ಊರಿನ ಅವರ ಫ್ಲ್ಯಾಟಿನಲ್ಲಿ ಭಾನುವಾರದ ತಿಂಡಿ ಆಗಿತ್ತು. ಸಿದ್ದಲಿಂಗ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, ಜುಲೈ ರಜೆಗೆ ಕಾರಿನಲ್ಲಿ ಹೋಗುವ ದಾರಿಯನ್ನು ಹೆಂಡತಿ ಶುಭಾಗೂ ಮಗಳಿಗೂ ವಿವರಿಸುತ್ತಿದ್ದ. ಮಾಲ್ಮೋದಿಂದ ಸೇತುವೆ ದಾಟಿ ಡೆನ್ಮಾರ್ಕ್, ಅಲ್ಲಿಂದ ಜರ್ಮನಿ, ಹಾಲೆಂಡ್, ಬೆಲ್ಜಿಯಂ, ಕೊನೆಗೆ ಪ್ಯಾರಿಸ್. ಬೆಲ್ಜಿಯಂನಲ್ಲಿ ಒಂದೇ ಊರಿಗೆ ಎರಡು ಭಾಷೆಯಲ್ಲಿ ಎರಡು ಹೆಸರು, ಬೋರ್ಡು ನಂಬಿದವರು ದಾರಿ ತಪ್ಪಿದರು ಅಂತಲೇ ಲೆಕ್ಕ ಎಂದು ಅವನು ನಗುತ್ತಿದ್ದಂತೆ, ಒಂಬತ್ತು ವರ್ಷದ ಮಗಳ ತುಟಿ ಅದುರಿ ಅಳು ಒತ್ತರಿಸಿಕೊಂಡು ಬಂತು.

ಶುಭಾಗೆ ಮೊದಲು ಏನೂ ಅರ್ಥವಾಗಲಿಲ್ಲ. ಟ್ರಿಪ್ಪಿನ ಮಾತೆತ್ತಿದ ದಿನದಿಂದ ಮಗಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ, ನಿಜ. ಆದರೆ ಟ್ಯಾಬ್ ಹಿಡಿದು ಜರ್ಮನ್ ಪದಗಳನ್ನು ಬಾಯಿಪಾಠ ಮಾಡುವುದನ್ನು ಕಂಡು, ಖುಷಿಗೆ ಹಸಿವೇ ಮರೆತಿದೆ ಎಂದುಕೊಂಡಿದ್ದಳು. ಅವೆಲ್ಲ ‘ನಿಲ್ಲು’, ‘ಹೊರದಾರಿ’, ‘ರಸ್ತೆ ಮುಚ್ಚಿದೆ’ ಎಂಬಂಥ ಪದಗಳೇ ಎಂಬುದು ಈಗ ನೆನಪಾಯಿತು. ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಏನಾಯಿತೆಂದು ಕೇಳಿದಳು. ಅನ್ವಿತಾ ಸ್ವೀಡಿಷ್‌ನಲ್ಲಿ ಏನೇನೋ ತೊದಲಿ, ಆಮೇಲೆ ಕನ್ನಡಕ್ಕೆ ಬಂದಳು.

“ಇಷ್ಟೊಂದು ಲ್ಯಾಂಗ್ವೇಜ್ ನಂಗೆ ಅಷ್ಟರೊಳಗೆ ಬರಲ್ಲ ಅಮ್ಮ. ಪಪ್ಪಂಗೆ ಯಾರು ಓದಿ ಹೇಳ್ತಾರೆ?”

ಬೋರ್ಡು ಓದುವ ಆಟ ಶುಭಾಗೆ ಗೊತ್ತಿತ್ತು. ಕಾರು ಓಡಿಸುವಾಗ ಸಿದ್ದಲಿಂಗ ಹಿಂದಿನ ಸೀಟಿನ ಮಗಳಿಗೆ, ಮುಂದೆ ಏನು ಬರೆದಿದೆ ಬೇಗ ಹೇಳು ನೋಡೋಣ ಎನ್ನುತ್ತಿದ್ದ. ಮಗುವಿನ ಓದು ಚುರುಕಾಗಲಿ ಅಂತ ಇರಬೇಕು ಎಂದು ಇವಳು ಪಕ್ಕದಲ್ಲಿ ಫೋನ್ ನೋಡಿಕೊಂಡು ಕೂತಿರುತ್ತಿದ್ದಳು. ದಾರಿ ಹೇಳೋಕೆ ಜಿಪಿಎಸ್ ಇದೆಯಲ್ಲ ಪುಟ್ಟಿ ಎಂದು ಸಮಾಧಾನ ಮಾಡಲು ನೋಡಿದಳು.

“ಸೈಕಲ್ ಬಂತು ಅಂತ ಜಿಪಿಎಸ್ ಹೇಳಲ್ಲ,” ಎಂದಳು ಅನ್ವಿತಾ. ಈಜು ಕ್ಲಾಸಿಗೆ ಹೋಗುವಾಗ ಬಲಗಡೆಯಿಂದ ಸೈಕಲ್ ಬಂತೆಂದು ತಾನು ಕೂಗಿ ಹೇಳಿದ ಮೇಲೇ ಪಪ್ಪ ಬ್ರೇಕ್ ಹಾಕಿದ್ದು, ಅಮ್ಮನಿಗೆ ಹೇಳಿದರೆ ಆಟ ಕೆಡುತ್ತದೆ ಎಂದದ್ದು, ಎಲ್ಲವೂ ಒಂದೇ ಉಸಿರಿಗೆ ಹೊರಬಂತು.

ಸಿದ್ದಲಿಂಗ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಅದರಲ್ಲಿನ ಅಕ್ಷರಗಳನ್ನು ಅವನು ಎಷ್ಟು ದೊಡ್ಡದು ಮಾಡಿಟ್ಟುಕೊಂಡಿದ್ದಾನೆ ಎಂಬುದು ಶುಭಾಳ ಕಣ್ಣಿಗೆ ಬಿದ್ದದ್ದೂ ಆಗಲೇ. ಅವಳು ಮಗಳನ್ನು ತೊಡೆಯಿಂದ ಇಳಿಸಿದಳು. ಎದ್ದು ಹೋಗಿ ಕಿಟಕಿಯ ಪರದೆ ಸರಿಸಿದಳು.

“ರೀ, ಇಲ್ಲಿ ಬನ್ನಿ. ಎದುರಿನ ಬಸ್ ಸ್ಟಾಪಲ್ಲಿ ಯಾರಿದಾರೆ ಹೇಳಿ.”

ಅವನು ಬಂದು ಬಹಳ ಹೊತ್ತು ನೋಡಿದ. “ಯಾರೋ ಇಬ್ರು ನಿಂತಿದಾರೆ.”

ಅಲ್ಲಿ ಯಾರೂ ಇರಲಿಲ್ಲ. ಎರಡು ಕಸದ ಡಬ್ಬಿಗಳಿದ್ದವು.

ಅವಳು ಪರದೆಯನ್ನು ಮತ್ತೆ ಎಳೆದದ್ದು ನೋಡಿ, ತಾನು ತಪ್ಪು ಹೇಳಿದೆನೆಂದು ಅವನಿಗೂ ತಿಳಿಯಿತು. ಕೂತು ಎಲ್ಲ ಹೇಳಿದ. ಚಳಿಗಾಲದಿಂದಲೇ ಕಣ್ಣು ಮಂಜಾಗಿತ್ತಂತೆ. ಸಕ್ಕರೆ ಕಾಯಿಲೆಯವರ ಕಣ್ಣು ಪರೀಕ್ಷೆಗೆ ಎರಡು ಸಲ ಕರೆ ಬಂದರೂ ಹೋಗಿರಲಿಲ್ಲವಂತೆ. ಡಾಕ್ಟರಿಗೆ ಗೊತ್ತಾದರೆ ಲೈಸೆನ್ಸ್ ಹೋಗುತ್ತದೆ. ದೂರದೂರದ ವಿದ್ಯುತ್ ಕೇಂದ್ರಗಳಿಗೆ ಕಾರಿನಲ್ಲೇ ಹೋಗಬೇಕಾದ ಕೆಲಸ ಅವನದು. ಆ ಕೆಲಸ ಹೋದರೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋದಂತೆಯೇ.

“ಇಷ್ಟೆಲ್ಲ ಗೊತ್ತಿದ್ದೂ ಮಗೂನ ಹಿಂದೆ ಕೂರಿಸ್ಕೊಂಡು ಪ್ಯಾರಿಸ್‌ವರೆಗೂ ಓಡಿಸೋಕೆ ಹೊರಟ್ರಾ?” ಎಂದಳು ಶುಭಾ.

“ಕಾಣೋವಾಗ್ಲೇ ನಿಮ್ಮ ಜೊತೆ ಒಂದ್ಸಲ ಎಲ್ಲಾ ನೋಡ್ಬಿಡೋಣ ಅಂತ,” ಎಂದ ಸಿದ್ದಲಿಂಗ.

ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಎರಡನ್ನೂ ನುಂಗಿಕೊಂಡು ಅವಳು ಕಾರಿನ ಕೀಲಿ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಆ ವಾರವೇ ಮೂವರೂ ಕಣ್ಣಾಸ್ಪತ್ರೆಗೆ ಹೋದರು. ಸಕ್ಕರೆ ಕಾಯಿಲೆ ಎರಡೂ ಕಣ್ಣಿಗೆ ಇಳಿದಿತ್ತು. ಇಂಜೆಕ್ಷನ್ ಕೊಟ್ಟು ಇದ್ದಷ್ಟು ದೃಷ್ಟಿ ಉಳಿಸಿಕೊಳ್ಳಲು ನೋಡೋಣ, ಕಾರು ಮಾತ್ರ ಮುಟ್ಟಬೇಡಿ ಎಂದರು ಡಾಕ್ಟರು. ಎಷ್ಟು ಉಳಿಯಬಹುದು ಎಂದು ಶುಭಾ ಕೇಳಿದ್ದಕ್ಕೆ ಅವರು ಈಗಲೇ ಹೇಳಲಾಗದು ಎಂದಷ್ಟೇ ಅಂದರು. ವಾಪಸು ಬರುವ ಬಸ್ಸಿನ ಹಿಂದಿನ ಸಾಲಿನಲ್ಲಿ ಅಪ್ಪ ಅಮ್ಮನ ನಡುವೆ ಕೂತ ಅನ್ವಿತಾ, ಎರಡು ಸ್ಟಾಪ್ ದಾಟುವಷ್ಟರಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋದಳು. ಕಾರಿನಲ್ಲಿ ಈಚೆಗೆ ಅವಳು ಒಮ್ಮೆಯೂ ಕಣ್ಣು ಮುಚ್ಚಿದ್ದನ್ನು ತಾನು ಕಂಡಿಲ್ಲ ಎಂಬುದು ಶುಭಾಗೆ ಆಗ ಹೊಳೆಯಿತು.

ಇಳಿಯಬೇಕಾದ ಜಾಗ ಬಂತು. ಸಿದ್ದಲಿಂಗನ ಕೈ ಬಸ್ಸು ನಿಲ್ಲಿಸಲು ಒತ್ತುವ ಬಟನ್ನಿನವರೆಗೆ ಹೋಗಿ, ಮಗಳ ತಲೆ ತನ್ನ ತೋಳಿಗೆ ಒರಗಿದ್ದನ್ನು ಕಂಡು ಹಿಂದಕ್ಕೆ ಬಂತು. ಬಸ್ಸು ನಿಲ್ಲದೆ ಮುಂದೆ ಹೋಯಿತು.