ದದ್ದಿಲ್ಲದ ಕೈ

ಸುಳ್ಳಾಡಿದವರ ಮೈಮೇಲೆ ದದ್ದು ಏಳುವ ಕಾಲ ಅದು. ಕೋರ್ಟಿನೆದುರು ನೀಲಗಂಗಾಳ ಔಷಧಿ ಅಂಗಡಿಯಲ್ಲಿ ಅಲರ್ಜಿ ಗುಳಿಗೆಗೆ ಸದಾ ಗಿರಾಕಿ. ಅದನ್ನು ನುಂಗಿಯೇ ಚನ್ನಮಲ್ಲಪ್ಪ ಸುಳ್ಳು ಸಾಕ್ಷಿ ನುಡಿದು ಅವಳ ಅಣ್ಣನನ್ನು ಜೈಲಿಗಟ್ಟಿದ್ದ. ಇವತ್ತು ಇನ್ಯಾರನ್ನೋ ಜೈಲಿಗಟ್ಟುವ ಸರದಿ; ಮತ್ತೆ ಗುಳಿಗೆಗೆ ಬಂದಿದ್ದ. ಇವಳು ಯಾರ ತಂಗಿಯೆಂಬುದು ಅವನಿಗೆ ನೆನಪೂ ಇರಲಿಲ್ಲ.

“ಹಳದಿ ಯಾಕ ಐತಿ? ಹೋದ ಸಲ ಬೆಳ್ಳಗಿತ್ತಲ್ಲ?”

“ಕಂಪನಿ ಬ್ಯಾರೆ, ಕಾಕಾ. ಔಷಧ ಅದ ಐತಿ.”

ಎಲ್ಲರೂ ನೋಡುವಂತೆ ಅವನೂ ಅವಳ ಮುಂಗೈ ನೋಡಿದ. ಒಂದು ದದ್ದೂ ಏಳಲಿಲ್ಲ. ನಂಬಿ, ಆ ವಿಟಮಿನ್ ಗುಳಿಗೆ ನುಂಗಿ, ಕಟಕಟೆ ಹತ್ತಲು ರಸ್ತೆ ದಾಟಿದ.

ನೀಲಗಂಗಾ ಅಂಗಡಿಯ ಬಾಗಿಲೆಳೆದು ಅವನ ಹಿಂದೆಯೇ ಹೊರಟಳು. ಮುಂದಿನ ಸಾಲಿನಲ್ಲೇ ಕೂರಬೇಕಿತ್ತು. ಅವನಿಗೆ ಸಿಗಬೇಕಿದ್ದ ಬಿಳಿ ಗುಳಿಗೆಯನ್ನು ಮುಂಜಾನೆಯೇ ಅವಳು ನುಂಗಿದ್ದಳು.