ಬರುವ ರೆಕ್ಕೆ

ಫೋನು ಬಂದಾಗ ಲೇಂಡರ್ಟ್ ಗಾಳಿಗಿರಣಿಯ ಕೆಳ ಅಂತಸ್ತಿನಲ್ಲಿ ಹಿಟ್ಟಿನ ಚೀಲದ ಬಾಯಿ ಕಟ್ಟುತ್ತಿದ್ದ. ತಲೆಯ ಮೇಲೆ ಬೀಸುಕಲ್ಲುಗಳ ಗುಡುಗು. ಒಂದು ಕಿವಿಗೆ ಬೆರಳು ತುರುಕಿ, ಇನ್ನೊಂದಕ್ಕೆ ಫೋನು ಒತ್ತಿ ಹಿಡಿದ. ಆಸ್ಪತ್ರೆಯಿಂದ ಅಳಿಯ ವೆಸೆಲ್, ಮಗಳು ಯೋರಿಂಡೆಯ ಗಂಡ.

"ಲೇಂಡರ್ಟ್, ಮಗು ಉಳೀಲಿಲ್ಲ. ಹೊಟ್ಟೆ ಕೊಯ್ದು ತೆಗೆಯೋ ಹೊತ್ತಿಗೆ ಉಸಿರೇ ಇರ್ಲಿಲ್ಲ. ಗಂಡು." ಅವನು ದನಿ ತಗ್ಗಿಸಿದ. "ಯೋರಿಂಡೆಗೆ ಇನ್ನೂ ಮಂಪರು ಇಳಿದಿಲ್ಲ. ಕಣ್ಣು ಬಿಟ್ರೆ ಮೊದಲು ಕಿಟಕಿ ಕಡೆನೇ ನೋಡ್ತಾಳೆ. ನಾನೇ ಅವಳಿಗೆ ಹೇಳೋವರೆಗೂ ಗಿರಣಿ ರೆಕ್ಕೆ ನಿಲ್ಲಿಸ್ಬೇಡಿ, ದಯವಿಟ್ಟು."

"ಇಲ್ಲ, ನಿಲ್ಲಿಸಲ್ಲ."

ಡಚ್ಚರ ಸ್ಕೀಡಾಮ್ ಊರಿನಲ್ಲಿ ಗಿರಣಿಯವನ ಮನೆಯ ಸುದ್ದಿಯನ್ನು ಊರಿಗೆ ಸಾರುವುದು ರೆಕ್ಕೆಗಳು. ಕೆಳಗಿಳಿಯುವ ರೆಕ್ಕೆ ನೆಟ್ಟಗಾಗಲು ಇನ್ನೇನು ಒಂದು ಮೊಳ ಇದೆ ಎನ್ನುವಾಗ ನಿಲ್ಲಿಸಿದರೆ ಅದು ಬರುವ ರೆಕ್ಕೆ. ಮನೆಯಲ್ಲಿ ಮದುವೆ, ಇಲ್ಲವೇ ಹೆರಿಗೆ. ನೆಟ್ಟಗಾಗಿ ಒಂದು ಮೊಳ ದಾಟಿದ ಮೇಲೆ ನಿಲ್ಲಿಸಿದರೆ ಹೋಗುವ ರೆಕ್ಕೆ, ಸಾವು. ತಾಯಿ ಸತ್ತ ದಿನ ಶಾಲೆಯಿಂದ ಬರುತ್ತಿದ್ದ ಯೋರಿಂಡೆ ಕಾಲುವೆಯ ಸೇತುವೆಯ ಮೇಲೇ ಸೈಕಲ್ಲು ನಿಲ್ಲಿಸಿ, ತಲೆ ಎತ್ತಿ ನೋಡಿ ತಿಳಿದುಕೊಂಡಿದ್ದಳು. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಈಗ ಹೆರಿಗೆಗೆ ಹೋಗುವಾಗಲೂ ಹಟ ಹಿಡಿದು ಗಿರಣಿ ಕಾಣುವ ಕೋಣೆಯನ್ನೇ ಹಿಡಿದಿದ್ದಳು. "ಬರುವ ರೆಕ್ಕೆ ನಿಲ್ಸು ಪಪ್ಪಾ, ಮಲಗಿದಲ್ಲಿಂದ್ಲೇ ಮಗೂಗೆ ತೋರಿಸ್ತೀನಿ" ಎಂದಿದ್ದಳು.

ತಿರುಗುತ್ತಿರುವ ಗಿರಣಿ ಮಾತ್ರ ಯಾವ ಸುದ್ದಿಯನ್ನೂ ಹೇಳುವುದಿಲ್ಲ. ಲೇಂಡರ್ಟ್‌ಗೆ ಆ ಹೊತ್ತಿಗೆ ಬೇಕಾಗಿದ್ದುದು ಅಷ್ಟೇ, ಗಾಳಿಯೂ ಚೆನ್ನಾಗಿತ್ತು. ಅವನು ಚೀಲದ ಮೇಲೆ ಕುಸಿದು ಕುಳಿತ. ಅಳುವುದಕ್ಕೂ ಒಂದು ತಯಾರಿ ಬೇಕು, ಅದೂ ಅವನಲ್ಲಿರಲಿಲ್ಲ.

ಮೇಲಿನ ಕಿಂಡಿಯಿಂದ ಕ್ರೈನ್ ತಲೆ ಇಳಿಬಿಟ್ಟ. ಗಿರಣಿಯಲ್ಲೇ ಲೇಂಡರ್ಟ್ ಜೊತೆ ತಲೆ ನರೆಸಿಕೊಂಡ ಗೆಳೆಯ; ಮಗು ಬಂದೊಡನೆ ಬರುವ ರೆಕ್ಕೆ ನಿಲ್ಲಿಸಬೇಕೆಂಬುದು ಅವನಿಗೂ ಗೊತ್ತಿತ್ತು. ಜ್ವೊಲ್ಲೆ ಊರಿನ ಚರ್ಚಿನ ಹಾಡುಗಾರರ ತಂಡವೊಂದು ಸ್ಕೀಡಾಮ್ ನೋಡಲು ಬಂದಿತ್ತು. ದೊಡ್ಡ ಚರ್ಚು ನೋಡಿ, ಜಿನ್ ಮ್ಯೂಸಿಯಮ್ಮಿನಲ್ಲಿ ಒಂದೊಂದು ಗುಟುಕು ರುಚಿಯನ್ನೂ ನೋಡಿ, ಈಗ ಗಿರಣಿಯ ಸುತ್ತುಜಗಲಿ ಹತ್ತಿದ್ದರು. ಅವರಿಗೆಲ್ಲ ತೋರಿಸಿ ಹೇಳುವ ಕೆಲಸ ಇವತ್ತು ಕ್ರೈನನದು.

"ಬಂತಾ?" ಎಂದು ಕ್ರೈನ್ ಕೂಗಿದ.

ಫೋನಿನ ವಿಚಾರ ಕೇಳುತ್ತಿದ್ದಾನೆಂದುಕೊಂಡ ಲೇಂಡರ್ಟ್, "ಹ್ಞೂಂ, ಬಂತು. ಆದ್ರೆ..." ಎಂದ. ಅವನು ಎದ್ದು ನಿಲ್ಲುವಷ್ಟರಲ್ಲಿ ಕಿಂಡಿಯಲ್ಲಿ ಮುಖ ಇರಲಿಲ್ಲ. ಕ್ರೈನ್ ಒಳ್ಳೆಯವನು. ಒಳ್ಳೆಯವರ ಕೈಗೆ ಯಾವಾಗಲೂ ಅವಸರ, ಅದೇ ಅವರ ದೊಡ್ಡ ಅಪಾಯ.

ಮರಕ್ಕೆ ಮರ ಉಜ್ಜಿದ ಕಿರುಗುಟ್ಟುವಿಕೆ ಕೇಳಿತು. ಬೀಸುಕಲ್ಲುಗಳು ಸುಮ್ಮನಾದವು. ಗಿರಣಿಯಿಡೀ ಒಮ್ಮೆ ನಡುಗಿ ನಿಂತಿತು, ಮೇಲಿನಿಂದ ಚಪ್ಪಾಳೆ ಕೇಳಿಸಿತು. ಲೇಂಡರ್ಟ್ ಏಣಿ ಹತ್ತಿ ಓಡಿದ.

"ನೋಡಿ, ಇದೇ ಬರುವ ರೆಕ್ಕೆ!" ಕ್ರೈನ್ ಬ್ರೇಕಿನ ಹಗ್ಗ ಹಿಡಿದುಕೊಂಡೇ ಸಾರುತ್ತಿದ್ದ. "ನಿಮ್ಮ ಅದೃಷ್ಟ, ಕಣ್ಣೆದುರೇ ನೋಡೋಕೆ ಸಿಕ್ತು. ಬಂದ್ರು ನೋಡಿ, ಹೊಸ ಓಪಾ! ಇವತ್ತಿಂದ ಇವ್ರು ತಾತ!"

ಡಚ್ಚರ ಪೈಕಿ ಮಗು ಹುಟ್ಟಿದರೆ ಎದುರಿಗೆ ಸಿಕ್ಕವರಿಗೆಲ್ಲ ಅಭಿನಂದನೆ. ಹಾಡುಗಾರರು ಒಬ್ಬೊಬ್ಬರಾಗಿ ಲೇಂಡರ್ಟ್‌ನ ಕೈ ಕುಲುಕಿದರು, ಆಮೇಲೆ ಕ್ರೈನನ ಕೈ, ಆಮೇಲೆ ಪರಸ್ಪರರ ಕೈ. ಲೇಂಡರ್ಟ್ ಹಗ್ಗದ ಕಡೆ ಹೆಜ್ಜೆ ಇಟ್ಟಷ್ಟೂ ಹೊಸದೊಂದು ಕೈ ಅಡ್ಡ ಬರುತ್ತಿತ್ತು. ಕಿತ್ತಳೆ ಬಣ್ಣದ ಸ್ಕಾರ್ಫಿನ ಮುದುಕಿಯೊಬ್ಬಳು ಅವನ ಎರಡೂ ಕೈ ಹಿಡಿದು ಬಿಡಲೇ ಇಲ್ಲ.

"ಮಗು ಹುಟ್ಟಿದ್ದಕ್ಕೆ ಹಂಚೋ ರಸ್ಕಿನ ಮೇಲೆ ಯಾವ ಬಣ್ಣದ ಸಕ್ಕರೆ ಸೋಂಪು ಉದುರಿಸ್ತೀರಿ ಓಪಾ? ಗುಲಾಬಿನೋ, ನೀಲಿನೋ?"

"ನೀಲಿ" ಎಂದುಬಿಟ್ಟ ಲೇಂಡರ್ಟ್. ಗಂಡಿಗೆ ನೀಲಿ, ಸುಳ್ಳೇನೂ ಆಗಿರಲಿಲ್ಲ ಅದು.

"ಗಂಡು!" ಎಂದು ಅವಳು ಕೂಗಿದಳು. ಕಂಠ ಪಳಗಿದ ಜನ, ಮೇಲೆ ಹೊಟ್ಟೆಯೊಳಗೆ ಜಿನ್ ಬೇರೆ. ನೂರು ಕಾಲ ಬಾಳು ಎಂದು ಮಗುವನ್ನು ಹರಸುವ ಹಾಡನ್ನು ಶ್ರುತಿ ಹಿಡಿದು ಎತ್ತಿಕೊಂಡರು. ಅಂಥ ಚಂದದ ಹಾಡನ್ನು ಆ ಗಿರಣಿ ಎಂದೂ ಕೇಳಿರಲಿಕ್ಕಿಲ್ಲ.

ಲೇಂಡರ್ಟ್ ಕೈ ಕಿತ್ತುಕೊಂಡು ಗೆಳೆಯನ ಅಂಗಿ ಹಿಡಿದ. "ಬ್ರೇಕ್ ಬಿಡೋ. ತಿರುಗ್ಲಿ ಅದು, ಮೊದ್ಲು ತಿರುಗ್ಸು."

"ಏನಾಯ್ತೋ ನಿಂಗೆ? ಇಡೀ ಊರು ನೋಡ್ಲಿ ಬಿಡು."

"ಸತ್ತು ಹುಟ್ಟಿದೆ ಕಣೋ."

ಕ್ರೈನ್ ತಟ್ಟನೆ ತಿರುಗಿದ. ಹಗ್ಗಕ್ಕೆ ತಡಕಾಡಿದ, ಆದರೆ ತಾನೇ ಬಿಗಿದ ಗಂಟು ಸಡಿಲಲಿಲ್ಲ. ಹಿಂದೆ ಹಾಡು ಎರಡನೇ ಚರಣಕ್ಕೆ ಬಂದಿತ್ತು. ಕಾಲುವೆಯಾಚೆ ಆಸ್ಪತ್ರೆಯ ಕಿಟಕಿಗಳ ಮೇಲೆ ಬಿಸಿಲು ಬಿದ್ದಿತ್ತು. ಅವುಗಳಲ್ಲಿ ಯೋರಿಂಡೆಯದು ಯಾವುದೆಂದು ಲೇಂಡರ್ಟ್‌ಗೆ ತಿಳಿಯಲಿಲ್ಲ.

ಜೇಬಿನಲ್ಲಿ ಫೋನು ಅದುರಿತು. ವೆಸೆಲ್‌ನ ನಂಬರು. ಆದರೆ ದನಿ ಯೋರಿಂಡೆಯದು, ಇನ್ನೂ ಮಂಪರಿನಲ್ಲೇ ತೊದಲುವ ದನಿ.

"ಪಪ್ಪಾ, ಇವ್ನು ಏನೇನೋ ಹೇಳಿ ಅಳ್ತಿದಾನೆ. ಕಿಟಕಿಯಿಂದ ಆಚೆ ನೋಡೋ ಅಂತ ನೀನಾದ್ರೂ ಹೇಳು ಇವ್ನಿಗೆ."