ಮರಿ ಕಲಿತ ಶಿಳ್ಳೆ

ತನ್ನ ಶಿಳ್ಳೆ ಮರಿಗೆ ಕೇಳಿಸಿರಲಾರದು ಎಂದು ಹಕ್ಕಿಗಳಿಗೆ ಕಾಳು ಹಾಕುವ ಮೋನಿಷಾ ಮನಸ್ಸಿನಲ್ಲೇ ನೂರು ಸಲ ಹೇಳಿಕೊಂಡಿದ್ದಳು. ಯಾರ ಹಾಡನ್ನೂ ಕೇಳದೆ ಬೆಳೆದ ಫಿಂಚ್ ಹಕ್ಕಿಯ ಮಿದುಳು ಹೇಗಿರುತ್ತದೆಂದು ನೋಡುವ ಪ್ರಯೋಗವದು. ನೋಯ್ಡಾದ ಆ ಲ್ಯಾಬಿನ ಹಕ್ಕಿಕೋಣೆಯಲ್ಲಿ ಕೆಮ್ಮಿದರೂ ಕೆಲಸ ಹೋಗುತ್ತಿತ್ತು.

ಈಗ ಪಂಜರದೊಳಗಿಂದ ಅವಳದೇ ಶಿಳ್ಳೆ ಬಂತು, ಎರಡು ಗಿಡ್ಡ, ಒಂದು ಉದ್ದ. ಅವಳು ಕೈಯಲ್ಲಿದ್ದ ಕಾಳಿನ ಬಟ್ಟಲನ್ನು ಕೆಳಗಿಟ್ಟಳು.

"ಅಚ್ಛಾ, ಯಾರೂ ಕಲಿಸದೇ ಬಂದ ಹಾಡು. ಇವತ್ತೇ ಮಿದುಳು ತೆಗೆದು ನೋಡೋಣ," ಎಂದರು ಪ್ರಯೋಗ ನಡೆಸುತ್ತಿದ್ದ ಸರಸು ಮೇಡಂ, ಗ್ಲೌಸ್ ಹಾಕಿಕೊಳ್ಳುತ್ತ. "ನೀನು ಬಾಯೇ ಬಿಡೋಳಲ್ಲ ಅಂತಾನೇ ನಿನ್ನನ್ನ ಈ ರೂಮಿಗೆ ಹಾಕಿದ್ದು ನೋಡು."

ಮರಿ ಮೋನಿಷಾಳತ್ತ ತಿರುಗಿ ಮತ್ತೆ ಹಾಡಿತು. ಮೇಡಂ ಪಂಜರದ ಚಿಲಕಕ್ಕೆ ಕೈಹಾಕಿದರು.

"ಮೇಡಂ, ಅದು ಕಲಿತಿದ್ದು ನನ್ನಿಂದ. ದಿನಾ ನಾನೇ ಶಿಳ್ಳೆ ಹಾಕ್ತಿದ್ದೆ."